ಕೂಗಳತೆಯ ಆಚೆ

ನಮ್ಮ ಮನೆಯ ಕಬ್ಬಿಣದ ಟ್ರಂಕಿನ ತಳದಲ್ಲಿ ಹಳೆಯ ಇಳಕಲ್ ಸೀರೆಯ ತುಂಡೊಂದರಲ್ಲಿ ಸುತ್ತಿಟ್ಟ ಹದಿನೇಳು ಕ್ರೋಶಾ ರುಮಾಲುಗಳಿದ್ದವು. ನನ್ನ ಮದುವೆಯಲ್ಲಿ ಅವ್ವ ಕೊಟ್ಟವು. ಧಾರವಾಡದಿಂದ ಸೂರತ್ತಿಗೆ, ಸೂರತ್ತಿನಿಂದ ವಡೋದರಕ್ಕೆ, ವಡೋದರದಿಂದ ಅಹಮದಾಬಾದಿಗೆ ಸರಕಾರ ನನ್ನನ್ನು ವರ್ಗ ಮಾಡಿದಂತೆಲ್ಲ ಅವೂ ನನ್ನೊಡನೆ ವರ್ಗವಾದವು. ಪ್ರತಿ ಸಲ ಸಾಮಾನು ಕಟ್ಟುವಾಗ ಇವನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಅವು ಮತ್ತೆ ಟ್ರಂಕಿನ ತಳವನ್ನೇ ಸೇರುತ್ತಿದ್ದವು. ಹೊರನಾಡಿಗೆ ಬಂದ ಕನ್ನಡಿಗರ ಮನೆಗಳಲ್ಲೆಲ್ಲ ಇಂಥ ಒಂದು ಗಂಟು ಇದ್ದೇ ಇರುತ್ತದೆ ಎಂದು ನನ್ನ ಊಹೆ. ಬಳಸುವುದಿಲ್ಲ, ಬಿಡುವುದೂ ಇಲ್ಲ.

ಧಾರವಾಡದ ನಮ್ಮ ಮನೆಯಲ್ಲಿ ಕ್ರೋಶಾ ಹೊದೆಯದ ವಸ್ತುವೇ ಇರಲಿಲ್ಲ. ರೇಡಿಯೋದ ಮೇಲೊಂದು, ಅದರ ಜಾಗಕ್ಕೆ ಟಿವಿ ಬಂದಾಗ ಅದರ ಮೇಲೊಂದು, ನೀರಿನ ಹೂಜಿಯ ಬಾಯಿಗೆ ಅಂಚಿನ ಸುತ್ತ ಮಣಿ ಪೋಣಿಸಿದ್ದೊಂದು. ಬಂದವರಿಗೆ ಬೆಲ್ಲ ನೀರು ಕೊಡುವ ತಟ್ಟೆಗೆ ಅನಾನಸಿನ ಡಿಸೈನಿನ ದುಂಡನೆಯ ರುಮಾಲು. ಅಪ್ಪನ ಆರಾಮ ಕುರ್ಚಿಗೆ ತಲೆ ತಾಗುವಲ್ಲಿ ಒಂದು, ಕೈ ತಾಗುವಲ್ಲಿ ಎರಡು. ತಿಂಗಳಿಗೊಮ್ಮೆ ಅವ್ವ ಎಲ್ಲವನ್ನೂ ಒಗೆದು, ಅನ್ನದ ಗಂಜಿಯಲ್ಲಿ ಅದ್ದಿ, ಗಾದಿಯ ಮೇಲೆ ಹಳೆಯ ದುಪ್ಪಟಿ ಹಾಸಿ ಒಂದೊಂದರ ಅಂಚಿಗೂ ಗುಂಡುಸೂಜಿ ಚುಚ್ಚಿ ಒಣಗಿಸುತ್ತಿದ್ದಳು. ಆ ಮಧ್ಯಾಹ್ನ ಗಾದಿಯ ಮೇಲೆ ಕೂರುವಂತಿರಲಿಲ್ಲ. ಬಿಳಿಯ ಚಕ್ರಗಳು ಸೂಜಿಗಳಿಂದ ಬಿಗಿದುಕೊಂಡು ಒಣಗುತ್ತ ಬಿದ್ದಿರುತ್ತಿದ್ದವು.

ಅವ್ವನಿಗೆ ಇದನ್ನು ಕಲಿಸಿದವರು ಓಣಿಯ ಮರಾಠಿ ಕಾಕೂ. ಅವರು ‘ಸಾಖಳಿ’, ‘ಖಾಂಬ’ ಎಂದದ್ದು ಅವ್ವನ ಬಾಯಲ್ಲಿ ‘ಸರಪಳಿ’, ‘ಕಂಬ’ ಆಯಿತು. ಅರ್ಧ ಎತ್ತರದ ಹೊಲಿಗೆಗೆ ‘ಗಿಡ್ಡ ಕಂಬ’ ಎಂದು ಹೆಸರಿಟ್ಟವಳು ಅವಳೇ. ಈ ಮೂರು ಶಬ್ದಗಳಲ್ಲಿ ಅವಳ ಇಡೀ ವ್ಯಾಕರಣ ಮುಗಿಯುತ್ತಿತ್ತು. ‘ಕ್ರೋಶಾ’ ಎಂಬುದು ಫ್ರೆಂಚರ ಮಾತು, ಸಣ್ಣ ಕೊಕ್ಕೆ ಎಂದು ಅದರ ಅರ್ಥ. ಸಂಸ್ಕೃತದ ‘ಕ್ರೋಶ’ ಬೇರೆ. ಅದು ಕೂಗು, ಕೂಗು ಕೇಳಿಸುವಷ್ಟು ದೂರಕ್ಕೂ ಅದೇ ಹೆಸರು. ಕನ್ನಡದಲ್ಲಿ ನಾವು ‘ಕೂಗಳತೆ’ ಎನ್ನುತ್ತೇವೆ. ಎರಡಕ್ಕೂ ನಂಟಿಲ್ಲವೆಂದು ನಿಘಂಟು ಹೇಳುತ್ತದೆ. ನಿಘಂಟಿಗೆ ತಿಳಿಯದ ನಂಟೊಂದು ಇತ್ತೆಂದು ನನಗೆ ಗೊತ್ತಾಗಲು ನಲವತ್ತು ದಾಟಬೇಕಾಯಿತು.

ಬಿ.ಎ.ಯಲ್ಲಿ ನನ್ನ ವಿಷಯಗಳು ಇಂಗ್ಲಿಷ್, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ. ಮುಂದೆ ಮನಸ್ಸಿಗಾಗಿ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದೆ, ಹೊಟ್ಟೆಗಾಗಿ ಸಂಖ್ಯಾಶಾಸ್ತ್ರ ಹಿಡಿದೆ. ಎಂ.ಎ. ತರಗತಿಯಲ್ಲಿ ಕುಳಿತಾಗ ಅವ್ವನ ರುಮಾಲುಗಳಿಗೆ ಇಂಗ್ಲಿಷಿನಲ್ಲಿ ಡಾಯ್ಲಿ ಎನ್ನುತ್ತಾರೆಂದು ತಿಳಿಯಿತು. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಅಗ್ಗದ ಉಣ್ಣೆಯ ಬಟ್ಟೆ ಮಾರುತ್ತಿದ್ದ ವ್ಯಾಪಾರಿಯೊಬ್ಬನ ಹೆಸರು ಅದು. ಬಟ್ಟೆಗೆ ಅಂಟಿದ ಹೆಸರು ಆಮೇಲೆ ಊಟದ ಮೇಜಿನ ಸಣ್ಣ ಕರವಸ್ತ್ರಕ್ಕೆ ಬಂತು. ಜೊನಾಥನ್ ಸ್ವಿಫ್ಟ್ ‘ಜರ್ನಲ್ ಟು ಸ್ಟೆಲ್ಲಾ’ದ 1711ರ ಪತ್ರವೊಂದರಲ್ಲಿ ಅಂಥ ಕರವಸ್ತ್ರಗಳ ಪ್ರಸ್ತಾಪ ಮಾಡಿದ್ದಾನೆ. ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಗಳನ್ನು ಓದುತ್ತ, ಮಾಡಲು ಬೇರೇನೂ ಇಲ್ಲದ ಹೆಂಗಸರು ಹೊತ್ತು ಕಳೆಯಲು ಮಾಡುವ ಕೆಲಸವಿದು ಎಂದು ನಾನು ತೀರ್ಮಾನಿಸಿಬಿಟ್ಟೆ. ಮನೆಗೆ ಬಂದು ಅವ್ವನಿಗೆ ಹೇಳಿಯೂ ಹೇಳಿದೆ: “ಎಷ್ಟ್ ಟೈಮ್ ಹಾಳ್ ಮಾಡ್ತಿ ಅವ್ವಾ. ಇಷ್ಟೊತ್ತಿನಾಗ ಒಂದ್ ಪುಸ್ತಕ ಓದಬಹುದಿತ್ತು.” ಅವ್ವ ತಲೆ ಎತ್ತಲಿಲ್ಲ. “ಹೂಂ” ಎಂದು ಮುಂದಿನ ಕಂಬಕ್ಕೆ ಹೋದಳು.

ಗುಜರಾತಿಗೆ ಬಂದ ಮೇಲೆ ಆ ರುಮಾಲುಗಳು ಒಮ್ಮೊಮ್ಮೆ ಟ್ರಂಕಿನಿಂದ ಹೊರಬಂದದ್ದುಂಟು. ಅವನ್ನು ಕಂಡಾಗ ಮೂರೂ ಊರಿನ ನೆರೆಹೊರೆಯವರು ಕೇಳಿದ ಪ್ರಶ್ನೆಗಳು ಇಂದಿಗೂ ನೆನಪಿವೆ. ಸೂರತ್ತಿನಲ್ಲಿ ಮೊದಲ ಪ್ರಶ್ನೆ “ಎಷ್ಟು ಕೊಟ್ಟಿರಿ?” ವಡೋದರದಲ್ಲಿ “ಈ ಡಿಸೈನ್ ಎಲ್ಲಿಯದು?” ಅಹಮದಾಬಾದಿನಲ್ಲಿ “ಎಷ್ಟು ವರ್ಷ ಬಾಳಿಕೆ ಬಂತು?” ಊರಿಗೊಂದು ಸ್ವಭಾವ ಇರುತ್ತದೆಯೆಂಬುದನ್ನು ನಾನು ನಂಬುವವಳಲ್ಲ. ಮಾದರಿ ಚಿಕ್ಕದಾದಾಗ ತೀರ್ಮಾನ ಮಾಡಬಾರದೆಂದು ನನ್ನ ವೃತ್ತಿಯೇ ಕಲಿಸಿದೆ. ಆದರೂ ಸೂರತ್ತಿನ ಪ್ರಶ್ನೆಗೆ ಕಾರಣ ಕಣ್ಣೆದುರಿಗೇ ಇತ್ತು. ನಾವು ಬಾಡಿಗೆಗಿದ್ದ ಗಲ್ಲಿಯಲ್ಲಿ ಮಧ್ಯಾಹ್ನದ ಹೊತ್ತು ಮನೆಮನೆಯ ಹೊಸ್ತಿಲ ಮುಂದಿನ ಕಟ್ಟೆಯ ಮೇಲೆ ಹೆಂಗಸರು ಕುಳಿತು ಸೀರೆಗಳಿಗೆ ಲೇಸು ಹೊಲಿಯುತ್ತಿದ್ದರು, ಮಿಣುಗುವ ಹರಳು ಅಂಟಿಸುತ್ತಿದ್ದರು. ಸ್ಕೂಟರಿನಲ್ಲಿ ಗಂಟು ಬರುತ್ತಿತ್ತು, ಸ್ಕೂಟರಿನಲ್ಲಿಯೇ ಹೋಗುತ್ತಿತ್ತು. ಆ ಗಲ್ಲಿಯಲ್ಲಿ ಬೆರಳು ಅಲುಗಿತೆಂದರೆ ಅದಕ್ಕೊಂದು ದರ ಇತ್ತು. ಅವ್ವನ ಬೆರಳುಗಳಿಗೆ ದರವೇ ಇರಲಿಲ್ಲವೆಂಬುದು ಅವರಿಗೆ ಅಚ್ಚರಿ. “ಮತ್ತೆ ಯಾಕೆ ಮಾಡುತ್ತಿದ್ದರು?” ಎಂದು ಒಬ್ಬಾಕೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಬೇರೊಂದು ರೂಪದಲ್ಲಿ, ಸರಕಾರದ ಮುದ್ರೆ ಹೊತ್ತು, ನನ್ನೆದುರಿಗೆ ಬಂದದ್ದು 2019ರಲ್ಲಿ. ಆ ವರ್ಷ ಜನವರಿಯಿಂದ ಡಿಸೆಂಬರಿನವರೆಗೆ ದೇಶದಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಯಿತು. 1998–99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ನಡೆದಾಗ ಗುಜರಾತವೂ ಅವುಗಳಲ್ಲಿ ಒಂದಾಗಿತ್ತು. ಇಡೀ ದೇಶದ ಮಟ್ಟದಲ್ಲಿ 2019ರದೇ ಮೊದಲು. 1,38,799 ಮನೆಗಳಲ್ಲಿ ಆರು ವರ್ಷ ದಾಟಿದ ಎಲ್ಲರನ್ನೂ ನಿನ್ನೆಯ ದಿನ ಹೇಗೆ ಕಳೆಯಿತೆಂದು ಕೇಳಲಾಯಿತು. ನಿನ್ನೆ ಬೆಳಗಿನ ನಾಲ್ಕರಿಂದ ಇಂದು ಬೆಳಗಿನ ನಾಲ್ಕರವರೆಗೆ ಅರ್ಧರ್ಧ ಗಂಟೆಯ ನಲವತ್ತೆಂಟು ಕಂಡಿಗಳು. ಪ್ರತಿ ಕಂಡಿಯಲ್ಲೂ ಏನು ಮಾಡಿದಿರೆಂದು ಬರೆದುಕೊಂಡು ಅದಕ್ಕೊಂದು ಸಂಖ್ಯೆ ಹಾಕಬೇಕು. ಆ ಸಂಖ್ಯೆಗಳ ಪಟ್ಟಿ ವಿಶ್ವಸಂಸ್ಥೆಯ 2016ರ ವರ್ಗೀಕರಣವನ್ನು ಅನುಸರಿಸಿದ್ದು. ಮನುಷ್ಯನ ಇಡೀ ಬದುಕನ್ನು ಅದು ಒಂಬತ್ತು ಭಾಗ ಮಾಡುತ್ತದೆ. ಒಂದು ಎಂದರೆ ಸಂಪಾದನೆಯ ಕೆಲಸ, ಎರಡು ಎಂದರೆ ಮನೆಯ ಸ್ವಂತ ಬಳಕೆಗೆ ವಸ್ತು ಮಾಡಿಕೊಳ್ಳುವುದು, ಮೂರು ಎಂದರೆ ಸಂಬಳವಿಲ್ಲದ ಮನೆಗೆಲಸ. ಹೀಗೆ ಸಾಗಿ ಎಂಟನೆಯದು ಹವ್ಯಾಸ, ಆಟ, ಮನರಂಜನೆ. ಒಂಬತ್ತು ನಿದ್ದೆ, ಊಟ, ಸ್ನಾನ.

ಒಂದು ದಿನ ಮೇಲ್ವಿಚಾರಣೆಗೆಂದು ಹುಡುಗಿಯೊಬ್ಬಳ ಜೊತೆ ಮನೆಯೊಂದಕ್ಕೆ ಹೋಗಿದ್ದೆ. ಈ ಮೂರು ಊರುಗಳಲ್ಲಿ ಯಾವುದೆಂದು ಹೇಳಲಾರೆ. ಹೇಳಬಾರದೆಂಬುದು ನಿಯಮ, ಮತ್ತು ಅದು ಒಳ್ಳೆಯ ನಿಯಮ. ಗುಜರಾತಿ ಮನೆಯ ಪದ್ಧತಿಯಂತೆ ಮೊದಲು ಟ್ರೇಯಲ್ಲಿ ನೀರು ಬಂತು. ಗಾಜಿನ ಲೋಟಗಳ ಕೆಳಗೆ ಕೆಂಪು ಅಂಚಿನ ಕ್ರೋಶಾ ಕೋಸ್ಟರುಗಳಿದ್ದವು. ಸಮನಾಗಿ, ಒಂದೂ ಸುತ್ತು ಸೊಟ್ಟಗಿಲ್ಲದೆ, ತಟ್ಟೆಯಷ್ಟು ಚಪ್ಪಟೆಯಾಗಿ ಕೂತಿದ್ದವು. ಜೋಕಾಲಿಯ ಮೇಲೆ ಮನೆಯ ಹಿರಿಯರು ಕುಳಿತಿದ್ದರು, ನೆಲದ ಮೇಲೆ ಸೊಸೆ. ಮಧ್ಯಾಹ್ನದ ಕಂಡಿಗಳಿಗೆ ಬಂದಾಗ ಆಕೆ ಕೋಸ್ಟರುಗಳ ಕಡೆ ನೋಡಿ ಹೇಳಿದರು: “ಆ ತೋ ಟೈಮ್‌ಪಾಸ್ ಛೇ, ಬೆನ್.” ಹಿರಿಯರು ಜೋಕಾಲಿಯಿಂದ ಅನುಮೋದಿಸಿದರು: “ಏ ತೋ ಶೋಖ್ ಛೇ.” ಅದು ಆಕೆಯ ಶೋಕಿ, ಹವ್ಯಾಸ ಎಂದು. ಹುಡುಗಿಯ ಪೆನ್ನು ಎಂಟನೆಯ ಭಾಗದ ಕಡೆ ಹೊರಟಿತು.

ಅಷ್ಟರಲ್ಲಿ ಕಪಾಟಿನ ಪಕ್ಕದ ಪ್ಲಾಸ್ಟಿಕ್ ಚೀಲಗಳು ನನ್ನ ಕಣ್ಣಿಗೆ ಬಿದ್ದವು. ಆರಾರು ಕೋಸ್ಟರುಗಳ ಕಟ್ಟುಗಳು, ಪ್ರತಿ ಕಟ್ಟಿಗೂ ಚೀಟಿ, ಚೀಟಿಯ ಮೇಲೆ ಲೆಕ್ಕ. ಇನ್ನೊಂದು ಚೀಲದಲ್ಲಿ ಠಾಕೋರ್‌ಜಿಯ ವಾಘಾಗಳು, ಎಂದರೆ ಬಾಲಕೃಷ್ಣನ ಮೂರ್ತಿಗೆ ತೊಡಿಸುವ ಬೊಗಸೆಯಷ್ಟು ಅಗಲದ ಅಂಗಿಗಳು. ಒಂದೇ ಅಳತೆಯವು ಇಪ್ಪತ್ತಾದರೂ ಇದ್ದವು. ಒಂದು ಮನೆಯ ಕೃಷ್ಣನಿಗೆ ಅಷ್ಟು ಅಂಗಿ ಬೇಕಾಗುವುದಿಲ್ಲ. ಹಿರಿಯರು ಫೋನು ಬಂದು ಒಳಗೆ ಹೋದಾಗ ನಾನು ಮೆಲ್ಲಗೆ ಕೇಳಿದೆ, ಹಣ ಯಾರು ಕೊಡುತ್ತಾರೆ ಎಂದು. ಆಕೆ ಬಾಗಿಲ ಕಡೆ ಒಮ್ಮೆ ನೋಡಿ ಎಲ್ಲ ಹೇಳಿದರು. ಪರಿಚಯದ ಹೆಂಗಸೊಬ್ಬರು ನೂಲು ತಂದುಕೊಡುತ್ತಾರೆ, ಒಂದಕ್ಕೆ ಹದಿನೈದು ರೂಪಾಯಿಯಂತೆ ಎಣಿಸಿ ಒಯ್ಯುತ್ತಾರೆ. ದಿನಕ್ಕೆ ನಾಲ್ಕು ಗಂಟೆ, ಹಬ್ಬದ ಮುಂದೆ ಆರು. ಹಣ ಎಲ್ಲಿ ಇಡುತ್ತೀರೆಂದು ನಾನು ಕೇಳಲಿಲ್ಲ. ನಮೂನೆಯಲ್ಲಿ ಆ ಪ್ರಶ್ನೆ ಇರಲಿಲ್ಲ, ಮುಖದಲ್ಲಿ ಉತ್ತರ ಇತ್ತು. ಆಕೆಗೆ ಬೇಕಾದದ್ದು ಒಂದೇ ಭರವಸೆ: ಇದು ಮನೆಯವರಿಗೆ ಓದಿ ಹೇಳುವ ಕಾಗದವೇ? ಅಲ್ಲವೆಂದೆ. ಹುಡುಗಿ ಎಂಟನ್ನು ಬಿಟ್ಟು ಒಂದನ್ನು ಬರೆದಳು.

ಮನೆಗೆ ಮರಳುವಾಗ ನನ್ನನ್ನು ಕಾಡಿದ್ದು ವರ್ಗೀಕರಣದ ಆ ಮೂರು ಸಂಖ್ಯೆಗಳು. ಅದೇ ನೂಲು, ಅದೇ ಕೊಕ್ಕೆ, ಅದೇ ಬೆರಳು. ಮಾರಿದರೆ ಒಂದು, ಮನೆಗೇ ಬಳಸಿದರೆ ಎರಡು, ಸುಮ್ಮನೆ ಖುಷಿಗೆ ಮಾಡಿದರೆ ಎಂಟು. ಕೋಸ್ಟರನ್ನು ನೋಡಿ ಇದನ್ನು ಹೇಳಲಾಗುವುದಿಲ್ಲ. ಮಾಡಿದವಳನ್ನೇ ಕೇಳಬೇಕು, ಕೇಳಿದಾಗ ಅವಳು ‘ಟೈಮ್‌ಪಾಸ್’ ಎನ್ನುತ್ತಾಳೆ.

ಹೀಗೆ ಕೆಲಸವು ಬಿಡುವಿನ ಹೆಸರು ಹೊತ್ತು ನಡೆಯುವುದು ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ಗೋದಾವರಿಯ ಮುಖಜ ಭೂಮಿಗೆ ಕ್ರೋಶಾ ಲೇಸನ್ನು ತಂದರು. ಆಂಧ್ರದ ನರಸಾಪುರದ ಸುತ್ತ ಅದು ದೊಡ್ಡ ಉದ್ಯಮವಾಗಿ ಬೆಳೆಯಿತು, ವಿದೇಶಗಳಿಗೆ ರಫ್ತಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿಗೆ ಬಂದು ಅಧ್ಯಯನ ಮಾಡಿ 1982ರಲ್ಲಿ ‘ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್’ ಎಂಬ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ದಿನದ ಹಲವು ಗಂಟೆ ಲೇಸು ಹೆಣೆಯುವ ಹೆಂಗಸರನ್ನು ವ್ಯಾಪಾರಿಗಳು, ಮನೆಯ ಗಂಡಸರು, ಕೊನೆಗೆ ಆ ಹೆಂಗಸರೂ ಗೃಹಿಣಿಯರೆಂದೇ ಕರೆಯುತ್ತಿದ್ದರು. ಹೆಣಿಗೆ ಅವರ ಬಿಡುವಿನ ಚಟುವಟಿಕೆ ಎನಿಸಿತ್ತು. ಬಿಡುವಿನ ಚಟುವಟಿಕೆಗೆ ಕೂಲಿ ಕೇಳುವವರಾರು? ವ್ಯಾಪಾರ ಗಂಡಸರ ಕೈಯಲ್ಲಿ ಉಳಿಯಿತು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು.

ಇದಕ್ಕೆ ಎದುರಾದ ಕಥೆ ನಾನೀಗ ಇರುವ ಊರಿನದೇ. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ಟ ಅವರು ‘ಸೇವಾ’ ಸಂಘವನ್ನು ನೋಂದಾಯಿಸಲು ಹೋದಾಗ ಕಾರ್ಮಿಕ ಇಲಾಖೆ ತಕರಾರು ಎತ್ತಿತ್ತು: ಮಾಲಿಕನೇ ಇಲ್ಲದವರು ಯಾರ ವಿರುದ್ಧ ಸಂಘ ಕಟ್ಟುತ್ತಾರೆ? ಸಂಘ ಯಾರದೋ ವಿರುದ್ಧ ಇರಬೇಕೆಂದೇನಿಲ್ಲ, ದುಡಿಯುವವರು ಒಂದಾಗುವುದಕ್ಕೂ ಇರಬಹುದು ಎಂಬುದು ಅವರ ವಾದ. ಅದು ಗೆದ್ದಿತು. ಮನೆಯೊಳಗೆ ಕುಳಿತು ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ, ಬಟ್ಟೆ ಹೊಲಿಯುವ ಹೆಂಗಸರು ಕಾರ್ಮಿಕರು ಎಂಬ ಮಾತು ಭದ್ರದ ಆ ಕಚೇರಿಯಿಂದ ಹೊರಟು 1996ರಲ್ಲಿ ಜಿನೀವಾ ತಲುಪಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಗೃಹಾಧಾರಿತ ದುಡಿಮೆಯ ಬಗೆಗಿನ 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿದ್ದು ಆ ವರ್ಷ. ವಡೋದರದಲ್ಲಿ ಕಲಿತ ಮೃಣಾಲಿನಿ ಮುಖರ್ಜಿ ಸೆಣಬಿನ ಹಗ್ಗವನ್ನು ಕೈಯಿಂದ ಗಂಟು ಹಾಕಿ ಆಳೆತ್ತರದ ಶಿಲ್ಪಗಳನ್ನು ಮಾಡಿದರು. ನಾವು ಗಲ್ಲಿಗಳಲ್ಲಿ ಕಂಡಿಗಳನ್ನು ತುಂಬುತ್ತಿದ್ದ ಅದೇ 2019ರಲ್ಲಿ ಅವು ನ್ಯೂಯಾರ್ಕಿನ ಮೆಟ್ ಬ್ರಾಯರ್ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. ಗಂಟಿಗೆ ಕಲೆ ಎಂಬ ಹೆಸರೂ ಬರಬಹುದು, ಕೆಲಸ ಎಂಬ ಹೆಸರೂ ಬರಬಹುದು. ಹೆಸರಿಡುವವರು ಬೇಕು.

ಇಷ್ಟು ತಿಳಿದ ಮೇಲೆ ಅವ್ವನ ಕ್ರೋಶಾದ ಬಗ್ಗೆಯೂ ನಾನು ಹೊಸದೊಂದು ತೀರ್ಮಾನಕ್ಕೆ ಬಂದೆ. ಅದು ಎಂಟಲ್ಲ, ಎರಡು. ಮನೆಗೆ ಬೇಕಾದ ವಸ್ತುಗಳನ್ನು ಅವಳು ಕೂಲಿಯಿಲ್ಲದೆ ತಯಾರಿಸಿದ್ದಾಳೆ, ನಾನು ಅದನ್ನು ಹೊತ್ತುಗಳೆಯುವಿಕೆ ಎಂದು ಹಳಿದೆ. ತಪ್ಪೊಪ್ಪಿಕೊಳ್ಳಬೇಕೆಂದುಕೊಂಡೆ. ಒಪ್ಪಿಕೊಳ್ಳಲಿಲ್ಲ. ವರದಿ ಬಂತು. ಆರು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ಶೇಕಡಾ 81.2ರಷ್ಟು ಜನ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ, ಮಾಡುವವರು ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ ಎಂದು ಅದರಲ್ಲಿತ್ತು. ಗಂಡಸರ ಲೆಕ್ಕ ಶೇಕಡಾ 26.1, 97 ನಿಮಿಷ. ಆ ಅಂಕಿಗಳಲ್ಲಿ ಅವ್ವ ಎಲ್ಲೋ ಇದ್ದಾಳೆ ಎಂದುಕೊಂಡು ಸುಮ್ಮನಾದೆ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಅಹಮದಾಬಾದಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಯಜಮಾನರ ಕಚೇರಿ, ಮಗನ ಶಾಲೆ, ನನ್ನ ಅಡಿಗೆಮನೆ ಎಲ್ಲವೂ ಒಂದರೊಳಗೊಂದು ಸೇರಿಕೊಂಡವು. ಪುಸ್ತಕ ಹಿಡಿದರೆ ಎರಡು ಪುಟಕ್ಕೊಮ್ಮೆ ಯಾರಾದರೂ ಕರೆಯುತ್ತಿದ್ದರು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬೇರೇನೋ ಹುಡುಕುತ್ತ ಟ್ರಂಕು ತೆರೆದೆ. ಹದಿನೇಳು ರುಮಾಲುಗಳ ನಡುವೆ ಉಕ್ಕಿನ ಒಂದು ಕಡ್ಡಿ ಸಿಕ್ಕಿತು. ಅವ್ವ ಅದನ್ನೂ ಇಟ್ಟಿದ್ದಳು. ಹದಿಮೂರು ವರ್ಷ ನಾನು ನೋಡಿರಲಿಲ್ಲ.

ವಿಡಿಯೋ ಕರೆ ಮಾಡಿ ಕಲಿಸೆಂದು ಕೇಳಿದೆ. ಅವ್ವನಿಗೆ ನಗು. ಆದರೆ ನೂಲು ಎಲ್ಲಿಂದ? ಅಂಗಡಿಗಳೆಲ್ಲ ಮುಚ್ಚಿದ್ದವು. “ಒಂದ್ ರುಮಾಲ ಬಿಚ್ಚು” ಎಂದಳು. ನನಗೆ ಜೀವ ಹೊಡೆದುಕೊಂಡಿತು. ಅವಳಿಗೆ ಏನೂ ಅನಿಸಲಿಲ್ಲ. “ನೂಲೇನ್ ಹಾಳಾಗೂದಿಲ್ಲ. ಕಡೀ ಗಂಟ್ ಹುಡುಕು, ಅಲ್ಲಿಂದ ಜಗ್ಗು.” ಅಂಚಿನಲ್ಲಿ ಕಲೆಯಾದದ್ದೊಂದನ್ನು ಆರಿಸಿ ಕೊನೆಯ ಗಂಟು ಹುಡುಕಿದೆ. ಅದು ಬಿಚ್ಚಿಕೊಂಡ ಬಗೆಯನ್ನು ಏನೆಂದು ಹೇಳಲಿ. ಕ್ರೋಶಾ ಎಂದರೆ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ, ಅಷ್ಟೆ. ಕೊನೆಯದು ಸಡಿಲಿದರೆ ಎಲ್ಲವೂ ಸಡಿಲುತ್ತದೆ. ಅವ್ವನ ಯಾವುದೋ ತಿಂಗಳ ಎಷ್ಟೋ ಮಧ್ಯಾಹ್ನಗಳು ಕಾಲು ಗಂಟೆಯಲ್ಲಿ ನನ್ನ ಮಡಿಲಲ್ಲಿ ಗುಂಗುರು ಗುಂಗುರಾದ ನೂಲಾಗಿ ಬಿದ್ದವು.

ನನ್ನ ಮೊದಲ ಕೋಸ್ಟರು ಬಟ್ಟಲಾಯಿತು, ಎರಡನೆಯದು ಪುರಿಯಂತೆ ಅಲೆ ಅಲೆಯಾಯಿತು. ಅವ್ವನ ಉಪದೇಶ ಒಂದೇ ಸಾಲಿನದು: “ಸುತ್ತ ಸೆಳೀತಂದ್ರ ಕಂಬ ಹೆಚ್ಚಿಗಿ ಹಾಕು, ಅಲೆ ಬಂತಂದ್ರ ಕಮ್ಮಿ ಮಾಡು.” ಎಷ್ಟು ಹೆಚ್ಚು, ಎಷ್ಟು ಕಡಿಮೆ? ಮೊದಲ ಸುತ್ತಿಗೆ ಹನ್ನೆರಡು, ಆಮೇಲೆ ಸುತ್ತಿಗೆ ಹನ್ನೆರಡರಂತೆ ಏರಿಸಿ ಇಪ್ಪತ್ನಾಲ್ಕು, ಮೂವತ್ತಾರು, ನಲವತ್ತೆಂಟು. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. ಕಂಬದ ಎತ್ತರ ಅದರ ಅಗಲದ ಸುಮಾರು ಎರಡರಷ್ಟು. ಪ್ರತಿ ಸುತ್ತಿನಲ್ಲಿ ತ್ರಿಜ್ಯ ಒಂದು ಕಂಬದೆತ್ತರ ಬೆಳೆದರೆ ಪರಿಧಿ ಅದರ ಆರೂಕಾಲರಷ್ಟು ಬೆಳೆಯಬೇಕು. ಹಾಗಾದರೆ ಹನ್ನೆರಡೂವರೆ ಕಂಬ. ವೃತ್ತ ಎಷ್ಟೇ ದೊಡ್ಡದಿರಲಿ, ಏರಿಸಬೇಕಾದದ್ದು ಅಷ್ಟೇ. ಪೈ ಎಂಬುದರ ಹೆಸರು ಕೇಳದ ಅವ್ವ ಅದನ್ನು ಬೆರಳಿನಲ್ಲಿ ಇಟ್ಟುಕೊಂಡಿದ್ದಳು. ನನ್ನ ಅಲೆ ಬಂದ ಕೋಸ್ಟರಿಗೂ ಒಂದು ಗಣಿತವಿದೆಯೆಂದು ಆಮೇಲೆ ಓದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ತೈಮಿನಾ 1997ರಲ್ಲಿ ಹೈಪರ್ಬೋಲಿಕ್ ಜ್ಯಾಮಿತಿಯನ್ನು ಕೈಯಲ್ಲಿ ಹಿಡಿದು ತೋರಿಸಲು ಬೇಕೆಂದೇ ಹೆಚ್ಚು ಕಂಬ ಹಾಕಿ ಕ್ರೋಶಾ ಹೆಣೆದರಂತೆ. ಇದನ್ನು ಅವ್ವನಿಗೆ ಹೇಳಿದಾಗ, “ಅದಕ್ಕೂ ಯುನಿವರ್ಸಿಟಿ ಬೇಕಾತೇನು” ಎಂದಳು.

ಒಂದು ದಿನ ಕಲಿಕೆ ಮುಗಿದ ಮೇಲೆ, ಸೂರತ್ತಿನ ಆ ನೆರೆಯಾಕೆಯ ಪ್ರಶ್ನೆಯನ್ನು ಅವ್ವನಿಗೆ ಕೇಳಿಬಿಟ್ಟೆ. “ಯಾಕ ಹೆಣೀತಿದ್ದಿ ಅವ್ವಾ? ಮನಿಗೆ ಬೇಕಂತನೋ, ನಿನಗ ಸೇರತಿತ್ತಂತನೋ? ಯಾರಿಗರ ಮಾರತಿದ್ದೇನು?”

“ಯಾರ್ ತಗೋತಾರವ್ವ ಇದನ್ನ” ಎಂದು ನಕ್ಕಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕರೆ ಕಡಿಯಿತೇನೋ ಎಂದುಕೊಂಡೆ. ಆಮೇಲೆ ಹೇಳಿದಳು: “ಖಾಲಿ ಕೈಲೆ ಕುಂತ್ರ ಕೆಲಸ ಹಚ್ಚತಿದ್ರು. ನಿಮ್ಮಜ್ಜಿ ಒಂದ್ ಕಡೆ, ನಿಮ್ಮಪ್ಪ ಒಂದ್ ಕಡೆ, ನೀವ್ ಮೂರು ಹುಡುಗೂರು ಒಂದ್ ಕಡೆ. ಕೈಯಾಗ ಕಡ್ಡಿ ಇದ್ರ ಯಾರೂ ಕರೀತಿರಲಿಲ್ಲ. ಆಕಿ ಹೆಣಿಯಾಕತ್ತಾಳ ಬಿಡು, ಅಂತಿದ್ರು. ಎರಡರಿಂದ ನಾಕರ ತನಾ ನನ್ನ ಪಾಡಿಗೆ ನಾ.”

“ಆವಾಗ ಏನ್ ವಿಚಾರ ಮಾಡತಿದ್ದಿ?”

“ಏನೂ ಇಲ್ಲ. ಕಂಬ ಎಣಸತಿದ್ದೆ.”

ಫೋನು ಇಟ್ಟ ಮೇಲೆ ನನ್ನ ಹೊಸ ತೀರ್ಮಾನವೂ ಬಿಚ್ಚಿಕೊಂಡಿತು. ಅವ್ವನ ಕ್ರೋಶಾ ಎಂಟಲ್ಲ ಎಂದಿದ್ದೆ, ಎರಡು ಎಂದಿದ್ದೆ. ಅವಳ ಪ್ರಕಾರ ಅದು ಎರಡರ ವೇಷ ತೊಟ್ಟ ಎಂಟು. ನಮ್ಮ ಮನೆಯಲ್ಲಿ ರೇಡಿಯೋಕ್ಕೆ, ಹೂಜಿಗೆ, ಕುರ್ಚಿಯ ಕೈಗೆ ಹೊದಿಕೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಆ ಎರಡು ಗಂಟೆಗೆ ಹೊದಿಕೆ. ವಸ್ತುಗಳೆಲ್ಲ ತುಂಬಿಹೋದ ಮೇಲೂ ಅವಳು ಹೆಣೆಯುತ್ತಲೇ ಇದ್ದದ್ದು ಯಾಕೆಂದು ಈಗ ಅರ್ಥವಾಯಿತು. ನಮೂನೆ ತುಂಬಿಸಿದ ಆ ಮನೆಯ ಸೊಸೆಯೂ ನೆನಪಾದರು. ಅವರು ಕೆಲಸವನ್ನು ಹವ್ಯಾಸವೆಂದು ಕರೆದು ತಮ್ಮ ಹಣವನ್ನು ಬಚ್ಚಿಟ್ಟುಕೊಂಡಿದ್ದರು. ಅವ್ವ ಬಿಡುವನ್ನು ಕೆಲಸವೆಂದು ಕಾಣಿಸಿ ತನ್ನ ಸಮಯವನ್ನು ಬಚ್ಚಿಟ್ಟುಕೊಂಡಿದ್ದಳು. ಮೀಸ್ ಹೇಳಿದ್ದು ನಿಜ, ತಪ್ಪು ಹೆಸರಿನಿಂದ ಹೆಂಗಸರು ಬಹಳ ಕಳೆದುಕೊಂಡಿದ್ದಾರೆ. ಅದೇ ತಪ್ಪು ಹೆಸರಿನ ಮರೆಯಲ್ಲಿ ಅವರು ಸ್ವಲ್ಪ ಉಳಿಸಿಕೊಂಡಿದ್ದೂ ಉಂಟು. ನಮ್ಮ ನಲವತ್ತೆಂಟು ಕಂಡಿಗಳಲ್ಲಿ ಹೆಸರು ಬರೆಯಲು ಜಾಗವಿದೆ, ಮರೆಗೆ ಜಾಗವಿಲ್ಲ.

ಪರೀಕ್ಷಿಸಿ ನೋಡೋಣವೆಂದು ಒಂದು ಭಾನುವಾರ ಮಧ್ಯಾಹ್ನ ಹಜಾರದಲ್ಲಿ ಕಡ್ಡಿ ಹಿಡಿದು ಕುಳಿತೆ. ಎರಡೂ ಹತ್ತರಿಂದ ಮೂರೂ ನಲವತ್ತರವರೆಗೆ ಒಂದೇ ಒಂದು ಕರೆ ಬರಲಿಲ್ಲ. ಮಗ ನನ್ನನ್ನು ದಾಟಿ ಹೋಗಿ ತಾನೇ ನೀರು ಕುಡಿದ. ಮುಂದಿನ ಭಾನುವಾರ ಅದೇ ಹೊತ್ತಿಗೆ ಅಲ್ಲೇ ಬರಿಗೈಯಲ್ಲಿ ಕುಳಿತೆ. ಹನ್ನೆರಡನೆಯ ನಿಮಿಷಕ್ಕೆ ಚಾರ್ಜರ್ ಎಲ್ಲಿ ಎಂಬ ಕೂಗು ಬಂತು. ಹತ್ತೊಂಬತ್ತನೆಯ ನಿಮಿಷಕ್ಕೆ ಯಜಮಾನರು ಪ್ರೀತಿಯಿಂದಲೇ ಕೇಳಿದರು: “ಖಾಲಿ ಅದಿಯಲ್ಲ, ಒಂದೀಟು ಚಹಾ ಮಾಡೂಣೇನು?” ಮಾದರಿ ತೀರ ಚಿಕ್ಕದು, ತೀರ್ಮಾನ ಮಾಡಬಾರದು. ಅವರಿಬ್ಬರೂ ಒಳ್ಳೆಯವರೇ. ಧಾರವಾಡದ ಆ ಮನೆಯಲ್ಲಿ “ಅವ್ವಾ” ಎಂದು ಕೂಗುತ್ತಿದ್ದ ಮೂರು ಹುಡುಗರಲ್ಲಿ ನಾನೂ ಒಬ್ಬಳಾಗಿದ್ದೆ. ಬರಿಗೈಯಲ್ಲಿ ಕುಳಿತವಳು ಮನೆಯಲ್ಲಿ ಎಲ್ಲಿದ್ದರೂ ಕೂಗಳತೆಯಲ್ಲೇ ಇರುತ್ತಾಳೆ. ಅವ್ವನ ಕ್ರೋಶಾ ಅವಳನ್ನು ಪಡಸಾಲೆಯಲ್ಲೇ ಕೂರಿಸಿ ಅದರ ಆಚೆಗೆ ಒಯ್ಯುತ್ತಿತ್ತು.

ದಾರಿ ತೆರೆದ ಮೇಲೆ ಧಾರವಾಡಕ್ಕೆ ಹೋದೆ. ಅಪ್ಪ, ಅಜ್ಜಿ ಇಬ್ಬರೂ ಈಗಿಲ್ಲ. ಅವ್ವನ ಕಣ್ಣು ಮಂಜಾಗಿವೆ, ಸಣ್ಣ ನೂಲು ಕಾಣುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅವಳು ಕಿಟಕಿಯ ಬಳಿ ಬರಿಗೈಯಲ್ಲಿ ಸುಮ್ಮನೆ ಕುಳಿತಿದ್ದಳು. ಅವಳು ಹಾಗೆ ಕುಳಿತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅಭ್ಯಾಸಬಲ ದೊಡ್ಡದು. “ಅವ್ವಾ, ಚಹಾ...” ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಅಡಿಗೆಮನೆಗೆ ಹೋದೆ. ನಾಲ್ಕು ಹೊಡೆಯುವವರೆಗೆ ಕಾದು ಚಹಾ ತಂದು, ಅಹಮದಾಬಾದಿನಿಂದ ತಂದಿದ್ದ ನನ್ನ ಕೋಸ್ಟರಿನ ಮೇಲೆ ಅವಳ ಮುಂದೆ ಇಟ್ಟೆ. ಅವಳದೇ ರುಮಾಲಿನ ನೂಲು ಅದು.

ಅವ್ವ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. ಕೋಸ್ಟರನ್ನು ಕೈಗೆತ್ತಿಕೊಂಡು, ಕಿಟಕಿಯ ಹೊರಗೆ ನೋಡುತ್ತಲೇ, ನಡುವಿನಿಂದ ಅಂಚಿನವರೆಗೆ ಬೆರಳಾಡಿಸಿದಳು.

“ಮೂರನೇ ಸುತ್ತಿನ್ಯಾಗ ಮೂವತ್ತೈದs ಅದಾವು” ಎಂದಳು. “ಒಂದ್ ಕಂಬ ಬಿಟ್ಟಿ.”